ತನ್ನ ವ್ರತಕ್ಕೆ ತಾನೇ ಹೊಣೆ: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಜೀವನ

ಮಾನವಜನ್ಮವು ದುರ್ಲಭವೆಂದು ಶಾಸ್ತ್ರಗಳು ಸಾರುತ್ತವೆ. ಆದರೆ ಆ ಜನ್ಮವನ್ನು ಸಾರ್ಥಕಪಡಿಸುವ ಹೊಣೆ ಯಾರದೆಂಬ ವಿಚಾರ ಬಂದೊಡನೆ ಮನುಷ್ಯನು ಕಾಲದೋಷವನ್ನೋ, ಊರಿನ ರೂಢಿಯನ್ನೋ, ಮನೆಯವರನ್ನೋ ಮುಂದುಮಾಡಿ ತಾನು ಹಿಂದೆ ಸರಿಯುವುದೇ ಹೆಚ್ಚು. ಜೀವನು ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ ಎಂಬುದು ಜಿನಸಿದ್ಧಾಂತ. ಈ ತತ್ತ್ವವನ್ನು ಬಾಯಲ್ಲಿ ನುಡಿಯುವುದು ಸುಲಭ; ಬಾಳಿ ತೋರಿಸುವುದು ಕಠಿಣ. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಬಾಳಿ ತೋರಿಸಿದವರಲ್ಲಿ ಅಗ್ರಗಣ್ಯರು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮವು ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದ ಸಮೀಪದಲ್ಲಿದೆ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳ ಪುತ್ರರಾಗಿ 1872ರಲ್ಲಿ, ತಾಯಿಯ ತವರಾದ ಯಳಗುಡದಲ್ಲಿ ಅವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಸಾತಗೌಡ. ಅಂದಿನ ಪದ್ಧತಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ಬಾಲ್ಯವಿವಾಹವಾಯಿತು; ಕೆಲವೇ ತಿಂಗಳುಗಳಲ್ಲಿ ಆ ಬಾಲಿಕೆ ತೀರಿಕೊಂಡಳು. ದೊಡ್ಡವರಾದ ಮೇಲೆ ಹಿರಿಯರು ಮತ್ತೆ ಮದುವೆಯ ಮಾತೆತ್ತಿದಾಗ ಸಾತಗೌಡರು ಒಪ್ಪದೆ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದರು.

ಮುನಿಯಾಗಬೇಕೆಂಬ ಹಂಬಲ ಯೌವನದಲ್ಲಿಯೇ ಮೂಡಿತ್ತು. ಆದರೆ ತಾವಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂಬುದು ತಂದೆಯವರ ಇಚ್ಛೆಯಾಗಿತ್ತು. ಸಾತಗೌಡರು ಅದನ್ನು ಮೀರಲಿಲ್ಲ. ಅದನ್ನೇ ನೆಪಮಾಡಿಕೊಂಡು ಸಾಧನೆಯನ್ನು ಮುಂದೂಡಲೂ ಇಲ್ಲ. ಮನೆಯ ಬಟ್ಟೆ ಅಂಗಡಿಯಲ್ಲಿ ಕುಳಿತಿದ್ದಾಗಲೂ ಕೈಯಲ್ಲಿ ಶಾಸ್ತ್ರಗ್ರಂಥವಿರುತ್ತಿತ್ತು. ಸುಮಾರು 32ನೆಯ ವಯಸ್ಸಿನಲ್ಲಿ ಸಮ್ಮೇದಶಿಖರಜಿಯ ಯಾತ್ರೆ ಮಾಡಿದಾಗ ತುಪ್ಪ ಮತ್ತು ಎಣ್ಣೆಗಳನ್ನು ಆಜೀವ ತ್ಯಜಿಸಿದರು. ಊರಿಗೆ ಮರಳಿ ಏಕಭುಕ್ತದ ನಿಯಮವನ್ನು ಹಿಡಿದರು. ಹೀಗೆ ದೀಕ್ಷೆಗೆ ಬಹಳ ಮೊದಲೇ, ಅಂಗಡಿ ಹೊಲಗಳ ನಡುವೆಯೇ, ಅವರ ವ್ರತಜೀವನ ಆರಂಭವಾಗಿತ್ತು.

ತಾಯಿತಂದೆಗಳು ದಿವಂಗತರಾದ ಬಳಿಕ, ನಲವತ್ತು ದಾಟಿದ ವಯಸ್ಸಿನಲ್ಲಿ, ಉತ್ತೂರಿನಲ್ಲಿ ಶ್ರೀ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು. ನಿಜವಾದ ಪರೀಕ್ಷೆ ಆಗ ಎದುರಾಯಿತು. ಆ ಕಾಲದಲ್ಲಿ ನಿರ್ಗ್ರಂಥ ಮುನಿಗಳು ವಿರಳರಾಗಿದ್ದರು. ಇದ್ದವರ ಚರ್ಯೆಯಲ್ಲಿಯೂ ಶೈಥಿಲ್ಯ ಸೇರಿಕೊಂಡಿತ್ತು. ಊರಿನೊಳಗೆ ಹೋಗುವಾಗ ಬಟ್ಟೆ ಹೊದೆಯುವುದು, ಉಪಾಧ್ಯಾಯರು ಮೊದಲೇ ಗೊತ್ತುಮಾಡಿದ ಮನೆಗೆ ಹೋಗಿ ಆಹಾರ ಸ್ವೀಕರಿಸುವುದು ರೂಢಿಯಾಗಿತ್ತು. ತ್ಯಾಗಿಗಳಿಗಾಗಿಯೇ ಸಿದ್ಧಪಡಿಸಿದ ಆಹಾರವು ಉದ್ದಿಷ್ಟದೋಷಕ್ಕೆ ಒಳಗಾದುದು. ಅದು ಅಗ್ರಾಹ್ಯವೆಂದು ಆಚಾರಗ್ರಂಥಗಳಲ್ಲಿ ಹೇಳಿದೆ. ಇದನ್ನು ಸ್ವಾಧ್ಯಾಯದಿಂದ ಅರಿತಿದ್ದ ಶಾಂತಿಸಾಗರರು ಗೊತ್ತುಮಾಡಿದ ಮನೆಗೆ ಹೋಗಲು ಒಪ್ಪಲಿಲ್ಲ. ಶಾಸ್ತ್ರೋಕ್ತವಾಗಿ ಚರ್ಯೆಗೆ ಹೊರಟರೆ ವಿಧಿಪೂರ್ವಕವಾಗಿ ಪಡಗಾಹನೆ ಮಾಡಲು ಶ್ರಾವಕರಿಗೆ ತಿಳಿಯದು. ಎಷ್ಟೋ ದಿನ ಬರಿಗೈಯಿಂದ ಹಿಂದಿರುಗಬೇಕಾಯಿತು. ಅಂದಿನ ಉಪವಾಸಗಳು ಪರ್ವತಿಥಿಯವಲ್ಲ. ಆಚಾರವನ್ನು ಬಿಡಲೊಲ್ಲದ ಕಾರಣದಿಂದ ಒದಗಿದವು.

ಎಲ್ಲರೂ ಹೀಗೆಯೇ ಮಾಡುತ್ತಾರೆಂಬ ಸಮಾಧಾನ ಅವರಿಗೆ ಸಾಕಾಗಲಿಲ್ಲ. ವ್ರತವನ್ನು ತೆಗೆದುಕೊಂಡವರು ತಾವು. ಅದರ ಲೋಪದ ಫಲವನ್ನು ಉಣ್ಣಬೇಕಾದವರೂ ತಾವೇ. ಆದರೂ ಅವರು ಯಾರನ್ನೂ ನಿಂದಿಸಲಿಲ್ಲ. ತಮ್ಮ ಚರ್ಯೆಯನ್ನು ಮಾತ್ರ ತಿದ್ದಿಕೊಂಡು ಸುಮ್ಮನಿದ್ದರು. ಕ್ರಮೇಣ ಶ್ರಾವಕರೇ ವಿಧಿಯನ್ನು ಕೇಳಿ ಕಲಿತರು. ಇಂದು ಮನೆಯ ಬಾಗಿಲಲ್ಲಿ ಕಲಶ ಹಿಡಿದು ನಿಂತು ನವಧಾಭಕ್ತಿಯಿಂದ ಮುನಿಗಳನ್ನು ಬರಮಾಡಿಕೊಳ್ಳುವ ಕ್ರಮ ಊರೂರಿನಲ್ಲಿ ಜೀವಂತವಾಗಿರುವುದಕ್ಕೆ ಆ ಹಸಿವಿನ ದಿನಗಳ ಋಣ ಬಹಳವಾಗಿದೆ.

ಮುಂದೆ ಗಿರನಾರ ಕ್ಷೇತ್ರದಲ್ಲಿ, ಭಗವಾನ್ ನೇಮಿನಾಥರ ನಿರ್ವಾಣಭೂಮಿಯಲ್ಲಿ, ಐಲಕ ವ್ರತವನ್ನು ಧರಿಸಿದರು. ಹಿಂದಿರುಗುವಾಗ ವಾಹನಪ್ರಯಾಣವನ್ನೂ ತ್ಯಜಿಸಿದರು. 1920ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ಮುನಿದೀಕ್ಷೆಯಾಯಿತು. ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಶರೀರವನ್ನು ಏರಿದರೂ ಅವರು ಅಲುಗಲಿಲ್ಲವೆಂಬ ಪ್ರಸಂಗವನ್ನು ಹಿರಿಯರು ಭಕ್ತಿಯಿಂದ ಸ್ಮರಿಸುತ್ತ ಬಂದಿದ್ದಾರೆ. 1924ರಲ್ಲಿ ಸಮಡೋಳಿಯಲ್ಲಿ ಚತುಃಸಂಘವು ಅವರಿಗೆ ಆಚಾರ್ಯಪದವನ್ನು ಅರ್ಪಿಸಿತು. 1927ರಲ್ಲಿ ದಕ್ಷಿಣದಿಂದ ಹೊರಟ ಸಂಘವು ಕಾಲ್ನಡಿಗೆಯಲ್ಲಿ ಸಮ್ಮೇದಶಿಖರಜಿಯನ್ನು ತಲುಪಿತು. ಅನಂತರದ ವರ್ಷಗಳಲ್ಲಿ ಕಟನಿ, ಲಲಿತಪುರ, ಮಥುರಾ, ದೆಹಲಿ, ಜಯಪುರ ಮೊದಲಾದೆಡೆ ವರ್ಷಾಯೋಗಗಳು ನಡೆದವು. ದಿಗಂಬರ ಮುನಿಸಂಘವನ್ನು ಕಣ್ಣಾರೆ ಕಾಣದಿದ್ದ ಉತ್ತರದ ಎಷ್ಟೋ ಮನೆತನಗಳಿಗೆ ಆ ವಿಹಾರದಲ್ಲಿ ಗುರುದರ್ಶನವಾಯಿತು.

ಅವರ ಮುನಿಜೀವನದ ಉಪವಾಸಗಳ ಒಟ್ಟು ಸಂಖ್ಯೆ 9,938 ಎಂದು ಸಮಾಜದಲ್ಲಿ ಎಣಿಸಲಾಗುತ್ತದೆ. ಮೂವತ್ತೈದು ವರ್ಷಗಳ ಮುನಿಜೀವನದೊಡನೆ ಹೋಲಿಸಿದರೆ ಆಹಾರದ ದಿನಗಳಿಗಿಂತ ಉಪವಾಸದ ದಿನಗಳೇ ಬಹಳ ಹೆಚ್ಚು. ಆದರೆ ಲೆಕ್ಕವನ್ನು ಕಂಡು ಬೆರಗಾಗುವುದಷ್ಟೇ ಶ್ರಾವಕರ ಕೆಲಸವಲ್ಲ. ಆಹಾರವನ್ನು ಬಿಟ್ಟು ಕಷಾಯವನ್ನು ಉಳಿಸಿಕೊಂಡರೆ ಅದು ಲಂಘನವೇ ಹೊರತು ಉಪವಾಸವಲ್ಲ. ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆದು ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ದೀರ್ಘ ಉಪವಾಸದ ದಿನಗಳಲ್ಲಿಯೂ ಸಾಮಾಯಿಕ, ಪ್ರತಿಕ್ರಮಣ, ಸ್ವಾಧ್ಯಾಯಗಳನ್ನು ಅವರು ಬಿಡಲಿಲ್ಲ.

ಶ್ರುತರಕ್ಷಣೆಯನ್ನೂ ಅವರು ತಮ್ಮ ಹೊಣೆಯೆಂದೇ ತಿಳಿದರು. ಮೂಡಬಿದಿರೆಯಲ್ಲಿ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಸಿದ್ಧಾಂತಗ್ರಂಥಗಳ ತಾಡವೋಲೆಗಳಲ್ಲಿ ಕೆಲವು ಭಾಗ ಕೀಟಗಳಿಗೆ ತುತ್ತಾದುದನ್ನು ಕೇಳಿ ಅವರು ಬಹಳ ನೊಂದರು. ಅವರ ಪ್ರೇರಣೆಯಿಂದ 1940ರ ದಶಕದಲ್ಲಿ ಆ ಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವ ಮಹತ್ಕಾರ್ಯ ಪ್ರಾರಂಭವಾಯಿತು.

ಎಂಬತ್ತು ದಾಟಿದ ಮೇಲೆ ಕಣ್ಣಿನ ದೃಷ್ಟಿ ಕುಂದುತ್ತ ಬಂದಿತು. ಸಂಸಾರಿಗೆ ಇದು ವೃದ್ಧಾಪ್ಯದ ಒಂದು ಕಷ್ಟ ಮಾತ್ರ. ಮಹಾವ್ರತಿಗೆ ಇದು ವ್ರತದ ಪ್ರಶ್ನೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಅಂಗೈಯಲ್ಲಿಯ ಗ್ರಾಸವನ್ನು ಪರೀಕ್ಷಿಸಿ ಸ್ವೀಕರಿಸುವುದು ಏಷಣಾಸಮಿತಿ. ಕಣ್ಣು ಕಾಣದಿದ್ದರೆ ಕಾಲಡಿಯ ಇರುವೆಯನ್ನು ಕಾಯುವವರಾರು? ಕೈಹಿಡಿದು ನಡೆಸಲು ಶಿಷ್ಯರಿದ್ದರು, ನೋಡಿ ಹೇಳಲು ಶ್ರಾವಕರಿದ್ದರು. ಆದರೆ ತಮ್ಮ ಅಹಿಂಸಾಮಹಾವ್ರತವನ್ನು ಪರರ ಕಣ್ಣಿಗೆ ಒಪ್ಪಿಸಲು ಆಚಾರ್ಯರು ಸಿದ್ಧರಿರಲಿಲ್ಲ. ಹಸಿವಿನ ದಿನಗಳಲ್ಲಿ ರೂಢಿಯ ಆಸರೆಯನ್ನು ಬೇಡವೆಂದವರು ಈಗ ಈ ಆಸರೆಯನ್ನೂ ಬೇಡವೆಂದರು. ವ್ರತವನ್ನು ಸಡಿಲಿಸಿ ಶರೀರವನ್ನು ಉಳಿಸುವುದಕ್ಕಿಂತ, ವ್ರತವನ್ನು ಉಳಿಸಿಕೊಂಡು ಶರೀರದ ಮಮತೆಯನ್ನು ಬಿಡಲು ನಿಶ್ಚಯಿಸಿದರು.

ಕುಲಭೂಷಣ ಮತ್ತು ದೇಶಭೂಷಣ ಮುನಿಗಳ ಮುಕ್ತಿಸ್ಥಾನವಾದ ಮಹಾರಾಷ್ಟ್ರದ ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ 1955ರ ಆಗಸ್ಟ್ ತಿಂಗಳಲ್ಲಿ ಅವರು ಸಲ್ಲೇಖನೆಯನ್ನು ಕೈಗೊಂಡರು. ಜಯಪುರದಲ್ಲಿದ್ದ ಶಿಷ್ಯ ಶ್ರೀ ವೀರಸಾಗರ ಮುನಿಗಳಿಗೆ ಆಚಾರ್ಯಪದವನ್ನು ವಹಿಸಿ ಸಂಘದ ಭಾರದಿಂದಲೂ ನಿವೃತ್ತರಾದರು. ಎಲ್ಲ ಜೀವರಾಶಿಗಳಲ್ಲಿ ಕ್ಷಮಾಭಾವ ತಾಳಿದರು. ಸೆಪ್ಟೆಂಬರ್ 8ರಂದು ಮರಾಠಿಯಲ್ಲಿ ಅವರು ನೀಡಿದ ಕೊನೆಯ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಸಂಯಮಕ್ಕೆ ಹೆದರಬಾರದು, ಪ್ರತಿದಿನ ಸ್ವಲ್ಪ ಹೊತ್ತಾದರೂ ತನ್ನ ಆತ್ಮನನ್ನು ಚಿಂತಿಸಬೇಕು, ಅದಿಲ್ಲದೆ ಕಲ್ಯಾಣವಿಲ್ಲ ಎಂಬುದು ಅದರ ತಿರುಳು. 36ನೆಯ ದಿನ, 1955ರ ಸೆಪ್ಟೆಂಬರ್ 18ರ ಭಾನುವಾರ, ಭಾದ್ರಪದ ಶುಕ್ಲ ಬಿದಿಗೆಯ ಬೆಳಿಗ್ಗೆ, ಸಮತಾಭಾವದಿಂದ ದೇಹವನ್ನು ತ್ಯಜಿಸಿದರು. ದಶಲಕ್ಷಣ ಪರ್ವಕ್ಕೆ ಆಗ ಮೂರು ದಿನಗಳು ಮಾತ್ರ ಉಳಿದಿದ್ದವು.

ಮಹಾವ್ರತಿಗಳ ಮಾರ್ಗ ಗೃಹಸ್ಥರಿಗೆ ಎತ್ತರವೆಂದು ತೋರುವುದು ಸಹಜ. ಆದರೆ ಸಾತಗೌಡರ ಮೊದಲ ಮೆಟ್ಟಿಲು ಅಂಗಡಿಯ ಗದ್ದುಗೆಯ ಮೇಲೆಯೇ ಇತ್ತು: ಸ್ವಾಧ್ಯಾಯ, ಒಂದೆರಡು ರಸಗಳ ತ್ಯಾಗ, ಒಂದು ಹೊತ್ತಿನ ಊಟ. ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ತನ್ನ ಶಕ್ತಿಯನ್ನು ತಾನೇ ಅಳೆದುಕೊಂಡು, ಶಕ್ತಿಯನ್ನು ಮೀರದೆಯೂ ಮರೆಮಾಚದೆಯೂ, ಅಷ್ಟಮಿ ಚತುರ್ದಶಿಗಳಲ್ಲಿ ಒಂದು ನಿಯಮವನ್ನು ಹಿಡಿಯಬಹುದು. ಹಿಡಿದುದು ಸಣ್ಣದಾದರೂ ಯಾರೂ ನೋಡದಾಗಲೂ ಅದನ್ನು ಪಾಲಿಸಬೇಕು. ಮನೆಯಲ್ಲಿ ಒಬ್ಬರು ಕೈಗೊಂಡ ವ್ರತದ ನಿರ್ಜರೆ ಮತ್ತೊಬ್ಬರಿಗೆ ಬಾರದು; ಒಬ್ಬರ ಪ್ರಮಾದದ ಬಂಧವೂ ಮತ್ತೊಬ್ಬರಿಗೆ ತಗಲದು. ಇದನ್ನು ಅರಿತು ನಡೆಯುವುದೇ ಆ ಮಹಾತಪಸ್ವಿಗಳಿಗೆ ಸಲ್ಲಿಸುವ ನಿಜವಾದ ವಿನಯಾಂಜಲಿ.

ಜೈನಂ ಜಯತು ಶಾಸನಂ.