ಇಲ್ಯಾ ಮೆಚ್ನಿಕಾಫ್

ಇಲ್ಯಾ ಇಲ್ಯಿಚ್ ಮೆಚ್ನಿಕಾಫ್ (1845–1916) ರಷ್ಯನ್ ಸಾಮ್ರಾಜ್ಯದಲ್ಲಿ ಜನಿಸಿದ ಪ್ರಾಣಿವಿಜ್ಞಾನಿ. ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುವ ಭಕ್ಷಕಕೋಶಗಳ ಕಾರ್ಯವನ್ನು ಕಂಡುಹಿಡಿದವರು. 1908ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಪಾಲ್ ಏರ್ಲಿಕ್ ಅವರೊಡನೆ ಹಂಚಿಕೊಂಡರು. ಇವರು ಹೆಸರಿಟ್ಟ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕಕೋಶವು ಇಂದು ಸ್ತನ ಕ್ಯಾನ್ಸರ್ ಸಂಶೋಧನೆಯ ಪ್ರಮುಖ ವಿಷಯವಾಗಿದೆ.

ಜೀವನ

ಮೆಚ್ನಿಕಾಫ್ ಈಗಿನ ಉಕ್ರೇನಿನ ಖಾರ್ಕಿವ್ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಮುಂದೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾದರು. ಮೊದಲ ಪತ್ನಿ ಲುದ್ಮಿಲಾ ಕ್ಷಯರೋಗಿ. ವಿವಾಹದ ದಿನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡಾಗ ಮೆಚ್ನಿಕಾಫ್ ಪ್ರಾಣತ್ಯಾಗಕ್ಕೆ ಯತ್ನಿಸಿ ಬದುಕುಳಿದರು. ಎರಡನೆಯ ಪತ್ನಿ ಓಲ್ಗಾ ವಿಷಮಶೀತಜ್ವರಕ್ಕೆ ತುತ್ತಾದ ಕಾಲದಲ್ಲಿ ಮತ್ತೊಮ್ಮೆ ಅದೇ ದಾರಿ ಹಿಡಿದಿದ್ದರು. ಇಂಥವರೇ ಮುಂದೆ ದೀರ್ಘಾಯುಷ್ಯದ ಪ್ರತಿಪಾದಕರಾಗಿ, ಹುಳಿಹಾಲಿನ ಸೇವನೆಯನ್ನು ಜಗತ್ತಿಗೆ ಬೋಧಿಸಿದ್ದು ವಿಸ್ಮಯಕರ.

ಮೆಸ್ಸಿನಾದ ಪ್ರಯೋಗ

1882ರಲ್ಲಿ ಒಡೆಸ್ಸಾದ ಹುದ್ದೆಯನ್ನು ತೊರೆದು ಇಟಲಿಯ ಮೆಸ್ಸಿನಾಕ್ಕೆ ತೆರಳಿದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ಒಂದು ದಿನ, ನಕ್ಷತ್ರಮೀನಿನ ಪಾರದರ್ಶಕ ಮರಿಗಳಲ್ಲಿ ಚಲಿಸುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಇವು ಶತ್ರುಗಳನ್ನು ಎದುರಿಸುವ ಕೋಶಗಳಾಗಿರಬಹುದೆಂಬ ಊಹೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳುಗಳನ್ನು ತಂದು ಮರಿಗಳಿಗೆ ಚುಚ್ಚಿದರು. ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು! ಮೆಸ್ಸಿನಾಕ್ಕೆ ಬಂದಿದ್ದ ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ ಈ ಕಾರ್ಯವನ್ನು ಪ್ರೋತ್ಸಾಹಿಸಿದರು. ಆದರೆ ರಕ್ಷಣೆಯ ಶಕ್ತಿ ರಕ್ತದ್ರವದಲ್ಲಿದೆ, ಕೋಶಗಳಲ್ಲಿಲ್ಲ ಎಂದು ವಾದಿಸಿದ ವಿಜ್ಞಾನಿಗಳೊಡನೆ ವರ್ಷಗಟ್ಟಲೆ ವಿವಾದ ನಡೆಯಿತು. ಎರಡೂ ಪಕ್ಷಗಳಲ್ಲಿ ಸತ್ಯವಿದ್ದಿತು. 1888ರಿಂದ ಮರಣದವರೆಗೂ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದರು. ಅವರ ಚಿತಾಭಸ್ಮವನ್ನು ಅಲ್ಲಿಯೇ ಇರಿಸಲಾಗಿದೆ.

ಭಕ್ಷಕಕೋಶ ಮತ್ತು ಸ್ತನ ಕ್ಯಾನ್ಸರ್

ಕ್ಯಾನ್ಸರ್ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳಿರುವುದನ್ನು ವಿರ್ಚೋ 1863ರಲ್ಲಿಯೇ ಗಮನಿಸಿದ್ದರು. ಅವು ಅಲ್ಲಿ ಕಾವಲಿಗಿವೆಯೋ, ಕೇಡಿಗೋ ಎಂಬ ಪ್ರಶ್ನೆ ಬಹುಕಾಲ ಬಗೆಹರಿಯಲಿಲ್ಲ. ಸ್ತನದ ಗಡ್ಡೆಯ ಕೋಶಗಳು ಒಂದು ಪ್ರೋಟೀನನ್ನು ಸ್ರವಿಸಿ ಮ್ಯಾಕ್ರೊಫೇಜ್‌ಗಳನ್ನು ಸೆಳೆಯುತ್ತವೆ. ಹಾಗೆ ಬಂದ ಮ್ಯಾಕ್ರೊಫೇಜ್‌ಗಳು ಹೊಸ ರಕ್ತನಾಳಗಳು ಬೆಳೆಯಲು ನೆರವಾಗುತ್ತವೆ, ಕ್ಯಾನ್ಸರ್ ಕೋಶಗಳು ರಕ್ತನಾಳವನ್ನು ಹೊಕ್ಕು ಬೇರೆಡೆಗೆ ಹರಡಲು ದಾರಿ ಮಾಡಿಕೊಡುತ್ತವೆ. 2001ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದರಲ್ಲಿ, ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿಯೂ ಗಡ್ಡೆ ಹುಟ್ಟಿತು, ಆದರೆ ಅದು ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ರೋಗಿಯ ಪ್ರಾಣಕ್ಕೆ ಎರವಾಗುವುದು ಸಾಮಾನ್ಯವಾಗಿ ಹೀಗೆ ಹರಡಿದ ರೋಗವೇ ಆದುದರಿಂದ ಈ ಫಲಿತಾಂಶಕ್ಕೆ ಮಹತ್ತ್ವವಿದೆ. ಎಲ್ಲ ಬಿಳಿ ರಕ್ತಕಣಗಳೂ ಹೀಗಲ್ಲ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗಳಲ್ಲಿ ಗಡ್ಡೆಯೊಳಗೆ ಲಿಂಫೋಸೈಟ್‌ಗಳು ಹೆಚ್ಚಾಗಿದ್ದರೆ ರೋಗಿ ಗುಣಮುಖರಾಗುವ ಸಾಧ್ಯತೆ ಹೆಚ್ಚು.

ಕಾಯುವ ಕೋಶವೇ ಕಾಡಬಹುದೆಂಬ ಸಂಶಯ ಮೆಚ್ನಿಕಾಫ್ ಅವರಿಗೂ ಇದ್ದಿತು. ಕ್ಯಾನ್ಸರಿನ ಸಂದರ್ಭದಲ್ಲಲ್ಲ, ಮುಪ್ಪಿನ ಸಂದರ್ಭದಲ್ಲಿ. ವೃದ್ಧಾಪ್ಯದಲ್ಲಿ ಭಕ್ಷಕಕೋಶಗಳು ಕೂದಲಿನ ಬಣ್ಣವನ್ನೂ ನರಕೋಶಗಳನ್ನೂ ತಿಂದುಹಾಕುತ್ತವೆ ಎಂದು ಅವರು ನಂಬಿದ್ದರು. ಕೂದಲು ನರೆಯುವುದಕ್ಕೆ ಅವರು ಕೊಟ್ಟ ಆ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ.