ಮುಡಿಪು ಗುಡ್ಡದ ಸಂತ ಜೋಸೆಫ್ ವಾಜ್

ಗೋವಾದ ಬಾಣಾವಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ಜೋಸೆಫ್ ವಾಜರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರ ತನಕ ಮಂಗಳೂರು ಸೀಮೆಯ ಕ್ರೈಸ್ತರ ಸೇವೆ ಮಾಡಿದರು. ಆಗಿನ ಮಾತು ಇದು: ಸಾಯೋ ಸ್ಥಿತಿಯ ರೋಗಿಯೊಬ್ಬನಿದ್ದಾನೆ ಎಂದು ಸುಳ್ಳು ಹೇಳಿ, ಕೊಲ್ಲುವ ಸಂಚಿನಿಂದ ಇವರನ್ನು ರಾತ್ರಿ ಈ ಗುಡ್ಡಕ್ಕೆ ಕರೆತಂದರಂತೆ. ಗುರುಗಳು ಮೊಣಕಾಲೂರಿ ಪ್ರಾರ್ಥಿಸಿದರು. ಅಲ್ಲಿ ನೀರಿನ ಒರತೆ ಹುಟ್ಟಿತೆಂದು ಭಕ್ತರು ನಂಬುತ್ತಾರೆ.

ಹೀಗೆ ಮೋಸವಾದರೂ ರೋಗಿ ಕರೆದರೆ ಹೋಗೋದನ್ನು ಅವರು ಬಿಡಲಿಲ್ಲ. ಶ್ರೀಲಂಕಾದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ, ಮೈಯಲ್ಲಿ ಕಾಯಿಲೆ ಇಟ್ಟುಕೊಂಡೇ ಜಾಫ್ನಾ ಸೇರಿದರು. ಗುಟ್ಟಾಗಿ, ರಾತ್ರಿ ಹೊತ್ತು ಬಲಿಪೂಜೆ ಅರ್ಪಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಗೂಢಚಾರನೆಂದು ಸೆರೆಮನೆಗೆ ಹಾಕಿದರು. ಮುಂದೆ ಬರಗಾಲ ಬಂತು. ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದು ಹೇಳುತ್ತಾರೆ. ಬೌದ್ಧನಾದ ಅರಸ ಇಮ್ಮಡಿ ವಿಮಲಧರ್ಮಸೂರ್ಯ ಅವರಿಗೆ ಆಸರೆಯಾದ.

1697ರಲ್ಲಿ ಕ್ಯಾಂಡಿಗೆ ಸಿಡುಬು ತಗಲಿತು. ಜನ ಊರು ಬಿಟ್ಟು ಓಡಿದರು, ಮನೆಯವರೇ ರೋಗಿಗಳನ್ನು ಕೈಬಿಟ್ಟರು. ವಾಜರು ಮಾತ್ರ ಅಲ್ಲೇ ನಿಂತು, ಜಾತಿ ಮತ ನೋಡದೆ ಕೀವು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. 2015ರ ಜನವರಿ 14ರಂದು ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಅವರ ಹಬ್ಬ ಜನವರಿ 16. ಮುಡಿಪು ಗುಡ್ಡಕ್ಕೆ ಬರುವ ಭಕ್ತರೇ, ಇಲ್ಲಿ ಹರಕೆ ಸಲ್ಲಿಸಿ ಇಳಿಯುವಾಗ ನಿಮ್ಮ ಊರಲ್ಲಿ ಕೇಳುವವರಿಲ್ಲದೆ ಮಲಗಿರುವ ಒಬ್ಬ ರೋಗಿಯನ್ನು ನೆನೆಯಿರಿ, ಹೋಗಿ ನೋಡಿ ಬನ್ನಿ.