ಕಡಲನಕ್ಷೆಗಳ ತಪ್ಪು ತಿದ್ದಿದ ಕಪ್ತಾನ ಜೇಮ್ಸ್ ಹಾರ್ಸ್‌ಬರ್ಗ್

1786ರ ಮೇ ತಿಂಗಳು. ಬಟಾವಿಯಾದಿಂದ, ಅಂದರೆ ಇಂದಿನ ಜಕಾರ್ತದಿಂದ, ಸಿಂಹಳದತ್ತ ಹೊರಟಿದ್ದ 'ಅಟ್ಲಾಸ್' ಹಡಗು ಹಿಂದೂ ಮಹಾಸಾಗರದ ನಡುವಿನ ಡಿಯಾಗೊ ಗಾರ್ಸಿಯಾ ದ್ವೀಪಕ್ಕೆ ಅಪ್ಪಳಿಸಿ ಒಡೆದುಹೋಯಿತು. ನಾವಿಕರು ನಂಬಿದ್ದ ನಕ್ಷೆಗಳೇ ತಪ್ಪಾಗಿದ್ದವು. ಆ ಹಡಗಿನಲ್ಲಿ ಕಪ್ತಾನನ ಮೊದಲ ಸಹಾಯಕನಾಗಿದ್ದವನು 23 ವರ್ಷದ ಜೇಮ್ಸ್ ಹಾರ್ಸ್‌ಬರ್ಗ್. ಆತನ ಮುಂದಿನ ಅರ್ಧ ಶತಮಾನದ ಬದುಕು ಕಡಲನಕ್ಷೆಗಳ ತಪ್ಪುಗಳನ್ನು ಹುಡುಕಿ ತಿದ್ದುವುದಕ್ಕೇ ಮೀಸಲಾಯಿತು.

1762ರಲ್ಲಿ ಸ್ಕಾಟ್ಲೆಂಡಿನ ಎಲಿ ಎಂಬ ಕರಾವಳಿ ಊರಿನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ಹಾರ್ಸ್‌ಬರ್ಗ್, 16ನೆಯ ವಯಸ್ಸಿನಲ್ಲೇ ಕಲ್ಲಿದ್ದಲು ಸಾಗಿಸುವ ಹಡಗು ಸೇರಿದ. 1780ರಲ್ಲಿ ಫ್ರೆಂಚರ ಕೈಗೆ ಸಿಕ್ಕು ಡಂಕರ್ಕ್‌ನಲ್ಲಿ ಸೆರೆವಾಸವನ್ನೂ ಅನುಭವಿಸಿದ. ಬಿಡುಗಡೆಯ ನಂತರ ಕಲ್ಕತ್ತಾಕ್ಕೆ ಬಂದು ಪೂರ್ವದ ಕಡಲುಗಳ ನಾವಿಕನಾದ.

ಸೂರ್ಯನ ಎತ್ತರವನ್ನು ಅಳೆದು ಅಕ್ಷಾಂಶ ತಿಳಿಯುವುದು ಅಂದು ಕಷ್ಟವಾಗಿರಲಿಲ್ಲ. ಆದರೆ ರೇಖಾಂಶ ತಿಳಿಯಲು ನಿಖರವಾದ ಗಡಿಯಾರವೋ ಚಂದ್ರನ ಸ್ಥಾನವನ್ನು ಆಧರಿಸಿದ ದೀರ್ಘ ಲೆಕ್ಕವೋ ಬೇಕಾಗಿತ್ತು. ಹೀಗಾಗಿ ಹಳೆಯ ನಕ್ಷೆಗಳಲ್ಲಿ ದ್ವೀಪಗಳು, ಬಂಡೆಗಳು ನಿಜವಾದ ನೆಲೆಯಿಂದ ಮೈಲಿಗಟ್ಟಲೆ ಸರಿದಿದ್ದವು. ಭಾರತ ಮತ್ತು ಚೀನಾ ನಡುವೆ ಸಂಚರಿಸುತ್ತಲೇ ಹಾರ್ಸ್‌ಬರ್ಗ್ ಗಣಿತವನ್ನೂ ನಕ್ಷೆ ಬರೆಯುವ ಕಲೆಯನ್ನೂ ಸ್ವತಃ ಕಲಿತ. 'ಅನ್ನಾ' ಹಡಗಿನ ಯಾನಗಳಲ್ಲಿ ಮಕಾಸರ್ ಜಲಸಂಧಿ ಮುಂತಾದೆಡೆ ಅಳತೆ ಮಾಡಿ ನಕ್ಷೆ ರಚಿಸಿದ. 1806ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

1809 ಮತ್ತು 1811ರ ನಡುವೆ ಪ್ರಕಟವಾದ ಆತನ ನೌಕಾಯಾನ ಮಾರ್ಗದರ್ಶಿ ಪೂರ್ವಕ್ಕೆ ಹೊರಡುವ ಕಪ್ತಾನರ ನಿತ್ಯದ ಸಂಗಾತಿಯಾಯಿತು. ನಮ್ಮ ಕೆನರಾ ಕರಾವಳಿಯೂ ಅದರಲ್ಲಿ ಸೇರಿತ್ತು. 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಡಲನಕ್ಷೆಗಳ ಹೊಣೆ ಆತನ ಹೆಗಲೇರಿತು. ಹಿಂದಿರುಗುವ ಹಡಗುಗಳ ದಿನಚರಿಗಳನ್ನು ಪರಿಶೀಲಿಸಿ, ಹೊಸ ಮಾಹಿತಿಯನ್ನು ಹಳೆಯದರೊಂದಿಗೆ ತಾಳೆ ನೋಡಿ, ನಕ್ಷೆಗಳನ್ನೂ ಮಾರ್ಗದರ್ಶಿಯನ್ನೂ ಮತ್ತೆ ಮತ್ತೆ ಪರಿಷ್ಕರಿಸುವುದು ಆತನ ಕಾಯಕವಾಯಿತು. 1836ರ ಮೇ 14ರಂದು ನಿಧನನಾದಾಗಲೂ ಹೊಸ ಆವೃತ್ತಿಯ ಕೆಲಸ ನಡೆದಿತ್ತು. ಅದನ್ನು ಅಚ್ಚಿನಲ್ಲಿ ಕಾಣುವ ಆಸೆ ಮಾತ್ರ ಈಡೇರಲಿಲ್ಲ. ಸಿಂಗಪುರದ ಬಳಿ ಪೆದ್ರಾ ಬ್ರಾಂಕಾ ಬಂಡೆಯ ಮೇಲೆ 1851ರಲ್ಲಿ ಬೆಳಗಿದ ದೀಪಸ್ತಂಭಕ್ಕೆ ಆತನ ಹೆಸರನ್ನೇ ಇಡಲಾಗಿದೆ.

ಈಗ ಹಡಗುಗಳಲ್ಲಿ ಕಾಗದದ ಸ್ಥಾನವನ್ನು ವಿದ್ಯುನ್ಮಾನ ನಕ್ಷೆಗಳು ಆಕ್ರಮಿಸಿವೆ. ಉಪಗ್ರಹಗಳು ಹಡಗಿನ ಸ್ಥಾನವನ್ನು ಕ್ಷಣಾರ್ಧದಲ್ಲಿ ತಿಳಿಸುತ್ತವೆ. ಭಾರತದಲ್ಲಿ ಇಂಥ ನಕ್ಷೆಗಳನ್ನೂ ಅವುಗಳ ತಿದ್ದುಪಡಿಗಳನ್ನೂ ಡೆಹರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಹೊರಡಿಸುತ್ತದೆ. ಆದರೆ ತಿದ್ದುಪಡಿ ತಲುಪದಿದ್ದರೆ ಅಪಾಯ ಹಳೆಯದೇ. 2013ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ 'ಗಾರ್ಡಿಯನ್' ಹಡಗು ಫಿಲಿಪ್ಪೀನ್ಸಿನ ಟುಬ್ಬಟಾಹಾ ಹವಳದ ದಿಬ್ಬವನ್ನೇರಿ ನಿಂತಿತು. ಅದರ ವಿದ್ಯುನ್ಮಾನ ನಕ್ಷೆಯಲ್ಲಿ ದಿಬ್ಬವು ಸುಮಾರು 8 ನಾಟಿಕಲ್ ಮೈಲಿ ದೂರದಲ್ಲಿತ್ತು. ಇದೇ ದೋಷವನ್ನು ಮತ್ತೊಂದು ನಕ್ಷೆಯಲ್ಲಿ 2011ರಲ್ಲೇ ಸರಿಪಡಿಸಿದ್ದರೂ ಇದರಲ್ಲಿ ತಿದ್ದಿರಲಿಲ್ಲ. ಸಿಬ್ಬಂದಿ ಬದುಕುಳಿದರು; ಹಡಗನ್ನು ಮಾತ್ರ ತುಂಡರಿಸಿ ತೆಗೆಯಬೇಕಾಯಿತು.

ನಕ್ಷೆ ಎಂದರೆ ಒಮ್ಮೆ ಬರೆದು ಮುಗಿಸುವ ವಸ್ತುವಲ್ಲ ಎಂಬುದನ್ನು ಹಾರ್ಸ್‌ಬರ್ಗ್ ಅರಿತಿದ್ದ. ಆತನ ಇಡೀ ಬದುಕೇ ಅದಕ್ಕೆ ಸಾಕ್ಷಿ.